ಗಾಳಿಯ ತಕ್ಕಡಿ

ನಮ್ಮ ಮನೆಯ ಹೊಸ್ತಿಲು ದಾಟಿದ ಕೂಡಲೇ ಎಡಗಡೆಯ ಗೋಡೆಯಲ್ಲಿ ಒಂದು ಮೊಳೆ ಇದೆ. ಅದರಲ್ಲಿ ನೇತಾಡುವ ಹಕ್ಕು ಕಾರಿನ ಕೀಗೆ ಮಾತ್ರ. ಒಮ್ಮೆ ಸೊಸೆ ತಿಳಿಯದೆ ಅಲ್ಲಿ ಸೊಪ್ಪಿನ ಚೀಲ ತಗುಲಿಹಾಕಿದ್ದಕ್ಕೆ ನಾನು ಅರ್ಧ ದಿನ ಮುಖ ಊದಿಸಿಕೊಂಡು ಕೂತಿದ್ದೆ. ಅಂಥ ಮೊಳೆ, ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಬೋಳಾಗಿತ್ತು. ಕೀ ಬೀರುವಿನಲ್ಲಿದೆ, ಇನ್ನು ಮೇಲೆ ಎಲ್ಲಿಗೆ ಹೋಗುವುದಿದ್ದರೂ ಹೇಳಿ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಮಗ ಮಹೇಶ ಬಹಳ ವಿನಯದಿಂದ ಹೇಳಿದ. ಮಕ್ಕಳು ಇದ್ದಕ್ಕಿದ್ದಂತೆ ವಿನಯವಂತರಾದರೆ ಹುಷಾರಾಗಿರಬೇಕು, ಮಿತ್ರರೇ. ನಮಗೆ ವಯಸ್ಸಾಯಿತೆಂದು ಮನೆಯಲ್ಲಿ ತೀರ್ಮಾನವಾಗಿದೆ ಎಂದೇ ಅದರ ಅರ್ಥ.

ನಡೆದದ್ದು ಇಷ್ಟು. ಹಿಂದಿನ ವಾರ ನಾನು ಮತ್ತು ನನ್ನ ಹೆಂಡತಿ ಗಿರಿಜೆ ಕಡೂರಿನಿಂದ ಹೊರಟು, ಲಿಂಗದಹಳ್ಳಿಯಲ್ಲಿರುವ ಅವಳ ಅಕ್ಕನನ್ನೂ ಕೂರಿಸಿಕೊಂಡು, ಕೆಮ್ಮಣ್ಣುಗುಂಡಿಯ ಹೂವು ನೋಡಲು ಹೋಗಿದ್ದೆವು. ಅಲ್ಲಿಯವರೆಗೆ ಸಾಧುವಾಗಿದ್ದ ನಮ್ಮ ಡೀಸೆಲ್ ಕಾರು ಘಾಟಿಯ ಏರು ಸಿಕ್ಕಿದ್ದೇ ಏದುಸಿರು ಬಿಡತೊಡಗಿತು. ನಾನು ತುಳಿದೆ, ಇನ್ನೂ ತುಳಿದೆ, ಕಾಲಿನ ಕೆಳಗೆ ತುಳಿಯುವುದಕ್ಕೆ ಏನೂ ಉಳಿಯದಷ್ಟು ತುಳಿದೆ. ಅದು ಮಾತ್ರ ಒಂದು ತಿರುವಿನಲ್ಲಿ ತೂಕಡಿಸಿ ನಿಂತೇಬಿಟ್ಟಿತು. ಹಿಂದೆ ಪ್ರವಾಸಿಗರ ಜೀಪುಗಳ ಸಾಲು, ಹಾರನ್ನುಗಳ ಮೇಳ. ಒಬ್ಬ ಜೀಪಿನವನು ಇಳಿದು ಬಂದು, ನನ್ನ ಬಿಳಿ ತಲೆ ನೋಡಿ ಕನಿಕರದಿಂದ, ಅಜ್ಜಾ, ನಾನು ಹತ್ತಿಸಿಕೊಡಲೇ ಎಂದ. ಬೇಡವೆಂದು ಕಾರು ತಿರುಗಿಸಿ ಇಳಿದುಬಂದೆವು. ಹಿಂದಿನ ಸೀಟಿನಲ್ಲಿದ್ದ ಅತ್ತಿಗೆ ಅಂದು ಸಂಜೆಯೇ ಫೋನು ಹಿಡಿದರು. ಗಾಳಿಮಾತಿಗೆ ಘಾಟಿಯೂ ಇಲ್ಲ, ಗೇರೂ ಬೇಡ. ಆ ಸುದ್ದಿ ನೆಂಟರನ್ನೆಲ್ಲ ಸುತ್ತಿ ಮನೆಗೆ ಮರಳುವಷ್ಟರಲ್ಲಿ ನಾನು ಕಾರನ್ನು ಪ್ರಪಾತಕ್ಕೆ ಬಿಡುವುದೊಂದು ಬಾಕಿ ಉಳಿದಿತ್ತು.

ಮಹೇಶ ನ್ಯಾಯವಂತ. ವಿಚಾರಣೆಯಿಲ್ಲದೆ ತೀರ್ಪು ಕೊಟ್ಟವನಲ್ಲ. ಕಾರನ್ನು ತಾನೇ ಅಜ್ಜಂಪುರದವರೆಗೆ ಓಡಿಸಿಕೊಂಡು ಹೋಗಿ ಬಂದ. ಒಬ್ಬನೇ ಕೂತ ಹಗುರ ಗಾಡಿ, ಹೆಚ್ಚು ಏರಿಲ್ಲದ ರಸ್ತೆ, ಬೆಣ್ಣೆಯಂತೆ ಹೋಯಿತಂತೆ. ಕಡೂರಿನಲ್ಲೇ ಒಬ್ಬರು ಕೈಯಲ್ಲಿ ಹಿಡಿಯುವ ಯಂತ್ರವೊಂದನ್ನು ಕಾರಿಗೆ ಚುಚ್ಚಿ ನೋಡಿ ದೋಷವೇನೂ ತೋರಿಸುತ್ತಿಲ್ಲ ಎಂದರಂತೆ. ಕಾರಿನಲ್ಲಿ ದೋಷವಿಲ್ಲವೆಂದ ಮೇಲೆ ಉಳಿದವನು ನಾನೊಬ್ಬನೇ. ಕ್ಲಚ್ಚಿನ ಮೇಲೆ ಕಾಲಿಟ್ಟೇ ಓಡಿಸುತ್ತೇನೆ, ಹೊತ್ತಿಗೆ ಸರಿಯಾಗಿ ಗೇರು ಬದಲಾಯಿಸುವುದಿಲ್ಲ ಎಂದು ಕಾರಣಗಳೂ ಹುಟ್ಟಿಕೊಂಡವು. ಇದೆಲ್ಲಕ್ಕಿಂತ ನಾಚಿಕೆಯ ಸಂಗತಿಯೆಂದರೆ ನಾನೂ ಅದನ್ನು ನಂಬತೊಡಗಿದ್ದು. ಚಪ್ಪಲಿ ಮೆಟ್ಟುವಾಗ ನನ್ನ ಬಲಗಾಲನ್ನು ಬೇರೆ ಯಾರದೋ ಕಾಲೆಂಬಂತೆ ನೋಡುತ್ತಿದ್ದೆ. ಗಿರಿಜೆಗೆ ಅಕ್ಕನ ನೆನಪಾದಾಗ, ನಡಿ ಹೋಗಿಬರೋಣ ಎಂದು ನಿಂತ ಕಾಲಲ್ಲಿ ಹೊರಡುತ್ತಿದ್ದವರು ನಾವು. ಹೇಳಿ ಹೋಗುವುದು ಬೇರೆ, ಕೇಳಿ ಹೋಗುವುದು ಬೇರೆ. ಬೋಳು ಮೊಳೆ ನೋಡಿದಾಗಲೆಲ್ಲ ನನಗೆ ನಿಜವಾಗಿ ಅಳು ಬರುತ್ತಿತ್ತು.

ಅದು ಗಿರಿಜೆಗೆ ಕಂಡಿರಬೇಕು. "ಒಂದ್ಸಲ ತರೀಕೆರೆ ಬಸವರಾಜಂಗೆ ತೋರ್ಸಿ. ಅವ್ನೂ ನಿಮ್ ಕಾಲಿಂದೇ ತಪ್ಪು ಅಂದ್ರೆ ಆಮೇಲೆ ಸುಮ್ನಿರಿ" ಎಂದಳು.

ಬಸವರಾಜು ಮೆಕ್ಯಾನಿಕ್, ಬಾಯಿ ದೊಡ್ಡದು, ಸ್ಪ್ಯಾನರಿಗಿಂತ ನಾಲಿಗೆಯೇ ಹೆಚ್ಚು ತಿರುಗುತ್ತದೆ. ನನ್ನನ್ನು ಅಲ್ಲಿಗೆ ಕರೆದೊಯ್ದ ಮಹೇಶ ಹೇಳಿದ್ದನ್ನೆಲ್ಲ ಕೇಳಿ, ವಯಸ್ಸಾದ ಮೇಲೆ ಹೀಗಾಗುವುದು ಸಹಜ ಎಂದು ನನ್ನ ಭುಜ ತಟ್ಟಿ ಸಮಾಧಾನವನ್ನೂ ಹೇಳಿಬಿಟ್ಟ. ನನಗೆ ರೇಗಿತು. ಹಾಗಾದರೆ ನೀನೇ ಘಾಟಿ ಹತ್ತಿಸಿ ತೋರಿಸು ಎಂದು ಹಟ ಹಿಡಿದೆ. ಮೂವರೂ ಹೊರಟೆವು. ಲಿಂಗದಹಳ್ಳಿ ದಾಟಿ ಮೊದಲ ಏರು ಹತ್ತುವಾಗ ಅವನ ನಗು ಬಾಡಿತು, ಎರಡನೆಯದರಲ್ಲಿ ಮಾತು ನಿಂತಿತು. ಆಮೇಲೆ ಕಾರೂ ನಿಂತಿತು. ಸಂತೋಷವನ್ನು ಬಚ್ಚಿಡುವ ಕಲೆ ನನಗೆ ಸಿದ್ಧಿಸಿಲ್ಲ. ನಿನಗೂ ವಯಸ್ಸಾಯಿತೇನಪ್ಪಾ ಎಂದು ಕೇಳಿಯೇಬಿಟ್ಟೆ.

ಅವನು ಬಾನೆಟ್ ಎತ್ತಿ, ಏರ್ ಫಿಲ್ಟರಿನಿಂದ ಇಂಜಿನ್ನಿಗೆ ಹೋಗುವ ಕೊಳವೆಯಲ್ಲಿ ಕೂತಿದ್ದ ಒಂದು ಸಣ್ಣ ಸೆನ್ಸರನ್ನು ತೋರಿಸಿದ. ಅದರೊಳಗೆ ಸದಾ ಬಿಸಿಯಾಗಿರುವ ಒಂದು ಎಳೆ. ಒಳಗೆ ನುಗ್ಗುವ ಗಾಳಿ ಅದನ್ನೆಷ್ಟು ತಣಿಸಿತು ಎಂಬುದರ ಮೇಲೆ ಗಾಳಿ ಎಷ್ಟು ಬಂತೆಂದು ಲೆಕ್ಕ. ಆ ಲೆಕ್ಕ ನೋಡಿಕೊಂಡೇ ಇಂಜಿನ್ನಿಗೆ ಡೀಸೆಲ್. ಗಾಳಿ ಬೇಕಾದಷ್ಟಿದ್ದರೂ ಇದು ಕಡಿಮೆ ಎಂದು ಸುಳ್ಳು ಹೇಳಿದರೆ ಏರಿನಲ್ಲಿ ಕಾರಿಗೆ ಉಪವಾಸ. ನಮ್ಮದು ಹಾಗೆ ಹೇಳುತ್ತಿದೆಯೋ ಏನೋ ನೋಡೋಣವೆಂದು ಅವನು ಅದರ ವೈರಿನ ಪ್ಲಗ್ಗನ್ನು ಕಿತ್ತು, ಕಾರು ಚಾಲೂ ಮಾಡಿದ. ಎಚ್ಚರಿಕೆಯ ದೀಪವೊಂದು ಹತ್ತಿಕೊಂಡಿತು. ಕಾರು ಮಾತ್ರ ಹಗ್ಗ ಬಿಚ್ಚಿದ ಕರುವಿನಂತೆ ಏರಿತು.

"ಸುಳ್ ಲೆಕ್ಕ ಕೊಡೋದ್ಕಿಂತ ಲೆಕ್ಕನೇ ಕೊಡ್ದಿರೋದು ವಾಸಿ ಸಾವ್ಕಾರ್ರೇ. ಇಂಜಿನ್ನು ಅಂದಾಜ್ನಾಗೇ ಓಡುತ್ತೆ" ಎಂದ ಬಸವರಾಜು.

ನಾನು ಬಾಳೆಲ್ಲ ಕೊಬ್ಬರಿ ತೂಗಿದವನು, ಈ ಮಾತು ನನಗೆ ಕೂಡಲೇ ಹಿಡಿಸಿತು. ತಕ್ಕಡಿ ಇಲ್ಲದ ದಿನ ವ್ಯಾಪಾರಿ ಚೀಲವನ್ನು ಕೈಯಲ್ಲೆತ್ತಿ ನೋಡುತ್ತಾನೆ, ಎದುರಿನವನ ಮುಖವನ್ನೂ ನೋಡುತ್ತಾನೆ. ಕೆಟ್ಟ ತಕ್ಕಡಿ ಇದ್ದರೆ ಎರಡನ್ನೂ ನೋಡದೆ ಮುಳ್ಳನ್ನು ಮಾತ್ರ ನೋಡಿ ಮೋಸಹೋಗುತ್ತಾನೆ. ನಮ್ಮ ಮನೆಗಳಲ್ಲಿ ಇಂಥ ಸೆನ್ಸರುಗಳು ಎಷ್ಟಿಲ್ಲ! ಜೀಪಿನವನಿಗೆ ನನ್ನ ಬಿಳಿ ಕೂದಲು, ನೆಂಟರಿಗೆ ಅತ್ತಿಗೆಯ ಫೋನು. ಹೀಗೆ ತತ್ತ್ವ ಹೊಸೆಯುತ್ತ ನಾನು ಸುಖವಾಗಿ ನಿಂತಿದ್ದಾಗ ಬಸವರಾಜು ಫಿಲ್ಟರನ್ನು ಹೊರಗೆಳೆದ. ಕಾಗದದ ಫಿಲ್ಟರು ಎಣ್ಣೆಯಲ್ಲಿ ಮಿಂದಂತಿತ್ತು. ಆ ಎಣ್ಣೆಯ ಪಸೆಯೇ ಹೋಗಿ ಸೆನ್ಸರಿನ ಎಳೆಗೆ ಮೆತ್ತಿಕೊಂಡಿದೆ, ಇದಕ್ಕೆ ಎಣ್ಣೆ ಹಾಕಿದ ಪುಣ್ಯಾತ್ಮ ಯಾರು ಎಂದು ಕೇಳಿದ.

ಮಹೇಶನ ಮುಖ ಕೆಂಪಾಯಿತು. ಅವನು ಟ್ರ್ಯಾಕ್ಟರ್ ಸಾಕಿದವನು. ಅದರ ಏರ್ ಕ್ಲೀನರಿನಲ್ಲಿ ಎಣ್ಣೆ ಇರಲೇಬೇಕು, ಧೂಳು ಅದರಲ್ಲಿ ಕೂರುತ್ತದೆ. ಅಪ್ಪನ ಕಾರಿನ ಫಿಲ್ಟರು ಪಾಪ ಒಣಗಿದೆಯೆಂದು ಹಬ್ಬಕ್ಕೆ ಕಾರು ತೊಳೆದ ದಿನ ಇದಕ್ಕೂ ಎಣ್ಣೆ ಕುಡಿಸಿದ್ದ. ನನ್ನ ಕಾಲಿನ ಶಕ್ತಿಯನ್ನು ಕದ್ದದ್ದು ಅವನ ಅಕ್ಕರೆಯೇ! ನಾಲಿಗೆಯ ತುದಿಗೆ ಬಂದ ಚುಚ್ಚುಮಾತುಗಳಲ್ಲಿ ಒಂದನ್ನು ಆರಿಸುವಷ್ಟರಲ್ಲಿ ಅವನೇ ಮೆಲ್ಲಗೆ ಹೇಳಿದ. "ಆ ತಿರುವ್ನಾಗೆ ಕಾರು ಹಿಂದಕ್ಕೆ ಬಂದಿದ್ರೆ ಏನ್ಗತಿ ಅಂತ ಹೆದ್ರಿಕೆ ಆಗಿತ್ತು ಕಣಪ್ಪಾ. ಅದ್ಕೇ ಕೀ ಎತ್ತಿಟ್ಟಿದ್ದು."

ಅವನ ವಿನಯವನ್ನು ನಾನು ದರ್ಬಾರೆಂದು ತೂಗಿದ್ದೆ. ಅದು ಭಯವಾಗಿತ್ತು. ನನ್ನೊಳಗಿನ ಎಳೆಗೂ ಎಣ್ಣೆ ಮೆತ್ತಿತ್ತೆಂದ ಮೇಲೆ ಚುಚ್ಚುವುದೇನು ಬಂತು?

ತರೀಕೆರೆಗೆ ಮರಳಿ, ಬಸವರಾಜು ಆ ಎಳೆಗೆ ಬೆರಳು ಸೋಕಿಸದೆ ಅದಕ್ಕೆಂದೇ ಇರುವ ಸ್ಪ್ರೇ ಹೊಡೆದು ತೊಳೆದ, ಚೆನ್ನಾಗಿ ಒಣಗಲು ಬಿಟ್ಟ, ಹೊಸ ಫಿಲ್ಟರನ್ನು ಒಣಗಿದ್ದಂತೆಯೇ ಕೂರಿಸಿದ, ಪ್ಲಗ್ ಜೋಡಿಸಿ ಎಚ್ಚರಿಕೆಯ ದೀಪ ಆರಿಸಿದ. ಮರುದಿನ ಬೆಳಿಗ್ಗೆ ಕೀ ಮೊಳೆಯ ಮೇಲಿತ್ತು.

ಮುಂದಿನ ವಾರ ಮತ್ತೆ ಅದೇ ಘಾಟಿ, ಹಿಂದಿನ ಸೀಟಿನಲ್ಲಿ ಅದೇ ಅತ್ತಿಗೆ. ಅವರು ಕಣ್ಣಾರೆ ನೋಡಲೆಂದೇ ನಾನು ಒಂದು ಜೀಪನ್ನು ಹಿಂದೆ ಹಾಕಿದೆ, ಇನ್ನೊಂದಕ್ಕೂ ಹಾರನ್ ಹೊಡೆದೆ. ಗಿರಿಜೆ ಕಿಟಕಿಯ ಕಡೆಗೆ ತಿರುಗಿಯೇ ಹೇಳಿದಳು. "ಅವತ್ತು ಕಾರು ಏರ್ದೆ ಇದ್ದಾಗ ದಾರಿ ಪಕ್ಕದ್ ಹೂವೆಲ್ಲ ಕಾಣ್ತಿತ್ತು. ಇವತ್ತು ಒಂದೂ ಕಾಣ್ತಿಲ್ಲ ಕಣ್ರೀ."

ನಾನು ಕಾಲು ಸಡಿಲಿಸಿದೆ. ಹಿಂದೆ ಹಾಕಿದ್ದ ಜೀಪು ನಮ್ಮನ್ನು ದಾಟಿ ಹೋಯಿತು, ಆಮೇಲೆ ಬಂದವೂ ಹೋದವು. ಹೂವಿದ್ದಲ್ಲಿ ನಿಂತೆವು, ಇಲ್ಲದಿದ್ದಲ್ಲಿಯೂ ನಿಂತೆವು. ಮನೆ ಸೇರುವ ಹೊತ್ತಿಗೆ ದೀಪ ಹಚ್ಚಿ ಆಗಿತ್ತು. ಮಹೇಶ ಗೇಟಿನ ಹತ್ತಿರವೇ ಕಾಯುತ್ತಿದ್ದ.

"ಇಷ್ಟೊತ್ತಾಯ್ತಲ್ಲಪ್ಪಾ, ಮತ್ತೆ ಎಳೀಲಿಲ್ವಾ ಕಾರು?"

"ಕಾರು ಚೆನ್ನಾಗೇ ಎಳೀತು ಕಣೋ. ಓಡ್ಸೋನಿಗೆ ವಯಸ್ಸಾಗೈತೆ."

ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಕೀಗಾಗಿ ಕೈ ಚಾಚಿದ. ಕೊಟ್ಟೆ. ಒಳಗೆ ಹೋದವನು ಹೊಸ್ತಿಲು ದಾಟಿದ ಕೂಡಲೇ ಎಡಕ್ಕೆ ತಿರುಗಿ, ಅದನ್ನು ಮೊಳೆಗೆ ತಗುಲಿಹಾಕಿದ.