ಎಲಿನೆಡ್ ಕಂಡ ಮೀನು

ತೈವಿ ನದಿಯ ದಂಡೆಯ ಸಾಲುಮನೆಗಳಲ್ಲಿ ಎಲಿನೆಡ್‌ಗೂ ನನಗೂ ನಡುವೆ ಒಂದೇ ಗೋಡೆ. ಹುಡುಗಿಯಾಗಿದ್ದಾಗ ಅಪ್ಪ ಅವಳಿಗೆ ಗಾಳ ಬೀಸುವುದನ್ನು ಕಲಿಸಿದ್ದ. ಮದುವೆಯಾದ ಮೇಲೆ ನದಿ ಗಂಡನ ಪಾಲಾಯಿತು, ಮೀನು ನಿಜವೆಂದು ನುಂಗುವ ಹಾಗೆ ಗಾಳಕ್ಕೆ ಗರಿಯಿಂದ ಹುಸಿ ಹುಳ ಕಟ್ಟುವ ಕೆಲಸ ಇವಳಿಗೆ ಉಳಿಯಿತು. ಅತ್ತೆ ಹಾಸಿಗೆ ಹಿಡಿದ ಮೇಲಂತೂ ಮನೆಯಲ್ಲಿ ಯಾರಾದರೊಬ್ಬರು ಇರಲೇಬೇಕಿತ್ತು. ಆ ಯಾರಾದರೊಬ್ಬರು ಯಾವಾಗಲೂ ಅವಳೇ. ಪಾತ್ರೆ ತೊಳೆದು, ಅತ್ತೆಯ ಮಗ್ಗುಲು ಬದಲಿಸಿ, ಅಡುಗೆಮನೆಯ ಮೇಜಿನ ಮೇಲೆ ಗರಿಯ ಎಳೆಗೆ ಗಂಟು ಹಾಕಿ ಉದ್ದಕಾಲಿನ ಹುಸಿ ಹುಳದ ಕಾಲಿಗೆ ಮಂಡಿ ಮೂಡಿಸುತ್ತಿದ್ದಳು.

ಈ ಸೆಪ್ಟೆಂಬರಿನಲ್ಲಿ, ಅಂಗಡಿಯಿಂದ ಬರುವಾಗ, ದಂಡೆಯ ಮರದ ಬೇರಿನಡಿ ದೊಡ್ಡದೊಂದು ಟ್ರೌಟ್ ಮೀನು ಅವಳ ಕಣ್ಣಿಗೆ ಬಿತ್ತು. ಗಾಳಿ ಹುಲ್ಲುಗಾವಲಿನ ಹುಳಗಳನ್ನು ನೀರಿಗೆ ತಳ್ಳಿದಾಗಷ್ಟೇ ಅದು ಮೇಲೆ ಬರುತ್ತಿತ್ತು. ಒಬ್ಬರು ಕಂಡು ಹೇಳಿದ ಮೀನಿಗೆ ನಮ್ಮಲ್ಲಿ ಇನ್ನೊಬ್ಬರು ಗಾಳ ಬೀಸುವುದಿಲ್ಲ. ಅದಕ್ಕೇ ಗಂಡ ಇದ್ವಾಲನಿಗೆ ಜಾಗ ಹೇಳಿಬಿಟ್ಟಳು.

"ತಿಂಗಳ ಕೊನೇ ದಿನ ಅಮ್ಮನ್ನ ನೀನು ನೋಡ್ಕೋ. ನಾನು ಹೋಗ್ತೀನಿ."

ಆ ದಿನ ಕಳೆದರೆ ವಸಂತದವರೆಗೆ ಟ್ರೌಟ್ ಹಿಡಿಯುವಂತಿಲ್ಲ.

"ಹೋಗು ಮಹಾರಾಣಿ. ನಿನ್ನ ಯಾರು ಕಟ್ಟಿಹಾಕಿದಾರೆ?" ಎಂದಿದ್ದ ಅವನು.

ಆ ಕೊನೇ ದಿನ ಬೆಳಿಗ್ಗೆ "ಬ್ರೆಡ್ ತಗೊಂಡು ಈಗ ಬಂದೆ" ಎಂದು ಹೋದ ಇದ್ವಾಲ್ ಮಧ್ಯಾಹ್ನ ಬಂದ. ಬ್ರೆಡ್ ಇರಲಿಲ್ಲ. ಕೈಯಲ್ಲಿ ಮೀನಿತ್ತು, ಹಿಂದೆ ಗೆಳೆಯ ಗೆಥಿನ್ ಇದ್ದ. ನಾನು ಅವರ ಅಡುಗೆಮನೆಯಲ್ಲಿ ಮುದುಕಿಯ ಹಾಸಿಗೆ ಬಟ್ಟೆ ಮಡಚುತ್ತಿದ್ದೆ. ಎಲಿನೆಡ್ ಕೋಟು ತೊಟ್ಟು ಬಾಗಿಲ ಹತ್ತಿರ ಕೂತಿದ್ದಳು.

"ನೋಡೇ, ನಿನಗೋಸ್ಕರವೇ ತಂದೆ! ನೀನು ಕಟ್ಟಿದ ಹುಳಾನೇ ನುಂಗ್ತು. ಬೆಣ್ಣೇಲಿ ಹುರಿ, ಗೆಥಿನ್ ಊಟಕ್ಕಿದಾನೆ."

"ಅದು ನಂದು ಅಂತ ಹೇಳಿದ್ನಲ್ಲ."

"ಗಂಡ ಹೆಂಡ್ತಿ ಮಧ್ಯೆ ನಂದು ನಿಂದು ಏನೇ?"

ಗೆಥಿನ್ ಕಿಸಕ್ಕನೆ ನಕ್ಕ. "ಕೋರ್ಟಿಗೆ ಹಾಕ್ತಾಳೆ ನೋಡು ನಿನ್ನ!"

ಎಲಿನೆಡ್ ಕೋಟು ಬಿಚ್ಚದೆ ಚಾಕು ತಗೊಂಡು ಮೀನಿನ ಹೊಟ್ಟೆ ಸೀಳಿದಳು. ಕಿತ್ತಳೆ ಬಣ್ಣದ ಮೊಟ್ಟೆಗಳು ತಟ್ಟೆಯ ತುಂಬ ಜಾರಿದವು. ಗೆಥಿನ್‌ನ ನಗು ನಿಂತಿತು. ಈ ಕಾಲದಲ್ಲಿ ಮೊಟ್ಟೆ ತುಂಬಿದ ಹೆಣ್ಣು ಮೀನು ಸಿಕ್ಕರೆ ಹುಡುಗರೂ ನೀರಿಗೆ ಬಿಟ್ಟುಬಿಡುತ್ತಾರೆ.

"ಬಸುರಿ ಕಣೋ ಇದು. ಎತ್ತಿದಾಗ್ಲೇ ಗೊತ್ತಾಗಲಿಲ್ವಾ ನಿನಗೆ?"

"ಇವಳು ಬಂದ್ಬಿಡ್ತಾಳೆ ಅಂತ ಅವಸರದಲ್ಲಿದ್ದೆ," ಎಂದುಬಿಟ್ಟ ಇದ್ವಾಲ್.

ಎಲಿನೆಡ್ ಚಾಕು ತೊಳೆದಿಟ್ಟಳು. "ನಾನಾಗಿದ್ರೆ ಒಂದ್ಸಲ ಕೈಯಲ್ಲಿ ಹಿಡಿದು ಬಿಟ್ಬಿಡ್ತಿದ್ದೆ. ಬೆಣ್ಣೆ ಕಪಾಟಲ್ಲಿದೆ. ಅಮ್ಮನ ಬೆನ್ನಿಗೆ ಎಣ್ಣೆ ಹಚ್ಚೋ ಹೊತ್ತಾಯ್ತು, ಹುಣ್ಣಿರೋ ಕಡೆ ಉಜ್ಜಬೇಡ."

"ನೀನೆಲ್ಲಿಗೆ? ಅಲ್ಲಿ ಮೀನೇ ಇಲ್ವಲ್ಲ."

"ಗೊತ್ತು."

ಅವಳ ಹಿಂದೆಯೇ ನಾನೂ ಹೊರಬಂದೆ. ಪಕ್ಕದ ನನ್ನ ಮನೆ ಮೆಟ್ಟಿಲ ಮೇಲೆ ಕೂತು ಅವಳು ರಬ್ಬರ್ ಬೂಟು ಹಾಕಿಕೊಳ್ಳುತ್ತಿದ್ದಾಗ ಮಹಡಿಯಿಂದ ಮುದುಕಿಯ ಕೂಗು ಬಂತು.

"ಎಲಿನೆಡ್! ಅಮ್ಮ ಕರೀತಿದಾಳೆ, ಕೇಳಿಸ್ತಾ?" ಇದ್ವಾಲ್ ಬಾಗಿಲಿಗೆ ಬಂದಿದ್ದ.

"ಕೇಳಿಸ್ತು. ನಿನ್ನಮ್ಮ ತಾನೇ?"

ಎರಡನೆಯ ಬೂಟನ್ನೂ ಎಳೆದುಕೊಂಡು, ಗಾಳದ ಕೋಲು ಎತ್ತಿಕೊಂಡು, ಬರಿದಾದ ಆ ಬೇರಿನ ಕಡೆಗೇ ನಡೆದಳು.