ಮೂರು ಕಲ್ಲಿನ ನಡುವಿನ ಕೆಂಪು

ಸಾವಿರದ ಒಂಬೈನೂರಾ ಏಳೋ ಎಂಟೋ ಇರಬೇಕು. ಇಳಕಲ್ಲಿನ ನೇಕಾರರ ಓಣಿಯಲ್ಲಿ ಚಾಂದಸಾಬ ಎಂಬ ಬಣ್ಣಗಾರನಿದ್ದ. ಸೀರೆಯ ನೂಲಿಗೆ ಕೆಂಪು ಹಾಕಿಕೊಡುವುದು ಅವನ ಕಸುಬು. ಮೊಣಕೈವರೆಗೂ ಕೆಂಪು, ಕೂತಲ್ಲಿ ಕೂಡದ ಕಾಲು, ಎಲ್ಲರ ಬಾಗಿಲಿಗೂ ಹೊರಳುವ ಕಣ್ಣು. ಅಂಥವನು ನನ್ನ ನೆರೆಯಲ್ಲಿದ್ದರೆ ನಾನು ಓಣಿಯನ್ನೇ ಬಿಡುತ್ತಿದ್ದೆ.

ಕಸುಬಿನಲ್ಲಿ ಮಾತ್ರ ಅವನಿಗೆ ತಾಳ್ಮೆಯಿತ್ತು. ಹಸಿ ನೂಲು ನೋಡಿ ಬಣ್ಣದ ಮಾತು ಆಡುತ್ತಿರಲಿಲ್ಲ. ಗಿರಾಕಿ ಅವಸರ ಮಾಡಿದರೆ, "ಒಣಗಲಿ, ನಾಳೆ ಬರ್ರಿ" ಎಂದು ಕಳಿಸಿಬಿಡುತ್ತಿದ್ದ.

ಆ ಓಣಿಯಲ್ಲಿ ಬೆಳಗಾದರೆ ನೇಕಾರರು ಮಗ್ಗಕ್ಕೆ ಉದ್ದಕ್ಕೆ ಏರಿಸುವ ಹಾಸಿನ ನೂಲನ್ನು ಬೀದಿಯುದ್ದಕ್ಕೂ ಬಿಗಿದು ಕಟ್ಟಿ, ಗಂಜಿ ಹಚ್ಚಿ ಒಣಗಿಸುತ್ತಿದ್ದರು. ಒಮ್ಮೆ ಯಾರೋ ಉಗಿದ ಎಲೆಯಡಿಕೆಯ ಎಂಜಲು ಹಸಿ ಹಾಸಿನ ಮೇಲೆ ಸಿಡಿದು ಮೂರು ಸೀರೆಯ ನೂಲು ಕೆಟ್ಟಿತು. ಓಣಿಯ ಹಿರಿಯ ಗುರಪ್ಪ ಎಲ್ಲರನ್ನೂ ಕೂಡಿಸಿ ಒಂದು ಕಟ್ಟಳೆ ಮಾಡಿದ. ಬೀದಿಯಲ್ಲಿ ಉಗಿದವನನ್ನು ಯಾರು ಬೇಕಾದರೂ ಹಿಡಿಯಬಹುದು, ಅವನ ತಲೆಯ ರುಮಾಲು ಬಿಚ್ಚಿ ಬೇವಿನ ಗಿಡಕ್ಕೆ ತೂಗಹಾಕಬಹುದು. ಉಗುಳಿನ ಸುತ್ತ ಮೂರು ಕಲ್ಲು ಇಡಬೇಕು. ಇಡೀ ದಿನ ಮಂದಿ ಅದನ್ನು ನೋಡಲಿ. ಮರುದಿನ ಬೆಳಿಗ್ಗೆ ಉಗಿದವನೇ ಬರಿತಲೆಯಲ್ಲಿ ಕೂತು ಎಲ್ಲರೆದುರು ತೊಳೆದು, ತನ್ನ ರುಮಾಲು ಒಯ್ಯಬೇಕು.

ಕಟ್ಟಳೆ ಎಲ್ಲರದು, ಹಿಡಿಯುವವನು ಮಾತ್ರ ಚಾಂದಸಾಬ. ಉಗಿಯುವುದನ್ನು ಕಣ್ಣಾರೆ ಕಾಣಬೇಕೆಂದೂ ಇರಲಿಲ್ಲ. ಕಲೆ ನೋಡಿದರೆ ಸಾಕು, ಯಾರು ಸುಣ್ಣ ಹೆಚ್ಚು ಹಚ್ಚುತ್ತಾರೆ, ಯಾರು ತಂಬಾಕು ಹಾಕುತ್ತಾರೆ ಎಂಬುದರ ಮೇಲೆ ಉಗಿದವನ ಹೆಸರು ಹೇಳುತ್ತಿದ್ದ. ಗುರಪ್ಪನ ರುಮಾಲನ್ನೂ ಬಿಡಲಿಲ್ಲ. ಒಂದೇ ತಿಂಗಳಲ್ಲಿ ಹನ್ನೊಂದು ರುಮಾಲು ಬೇವಿನ ಗಿಡ ಹತ್ತಿದವು. ಅವನ ಹೆಂಡತಿ ಮಕ್ತುಮಬಿಗೆ ಸಾಕುಸಾಕಾಗಿತ್ತು.

"ಹಂಡೇದಾಗ ನೂಲ ಕುದ್ದ ಕುದ್ದ ಹಾಳಾಗಾಕತ್ತೈತಿ. ನೀವು ಮಂದಿ ಬಾಯಿ ನೋಡ್ಕೋತ ತಿರಗ್ರಿ" ಅನ್ನುತ್ತಿದ್ದಳು. ಅವನಿಗೆ ಅದು ಕೇಳಿಸುತ್ತಿರಲಿಲ್ಲ. ತಾನು ತಪ್ಪುವುದಿಲ್ಲ ಎಂಬ ಅಮಲು ಏರಿತ್ತು.

ಒಂದು ಬೆಳಿಗ್ಗೆ ಈರಪ್ಪನ ಮಗ್ಗದ ಮನೆಯ ಮುಂದೆ ಹಸಿ ಕೆಂಪು ಕಲೆ ಬಿದ್ದಿತ್ತು. ಈರಪ್ಪ ಚಾಂದಸಾಬನ ಜೊತೆ ಆಡಿ ಬೆಳೆದವನು. ಇಬ್ಬರದೂ ಒಂದೇ ಗೋಡೆ. ಬರುವ ಸೋಮವಾರ ಅವನ ಮಗಳು ಮರೆವ್ವನನ್ನು ನಿಶ್ಚಯ ಮಾಡಿಕೊಳ್ಳಲು ಹುನಗುಂದದಿಂದ ಬೀಗರು ಬರುವವರಿದ್ದರು. ಗೆಳೆಯನೆಂದು ಚಾಂದಸಾಬ ಬಿಡಲಿಲ್ಲ. ಮಂದಿ ಸೇರಿಸಿದ.

"ನಾ ಎಲಿ ಬಿಟ್ಟ ಎರಡ ತಿಂಗಳಾತಲೇ" ಎಂದ ಈರಪ್ಪ.

"ಹಂಗಾರ ಇದೇನು, ರಕ್ತೇನು?" ಎಂದ ಚಾಂದಸಾಬ.

ಮಂದಿ ನಕ್ಕರು. ಈರಪ್ಪನ ಮುಖ ಒಂದು ಗಳಿಗೆ ಬಿಳಚಿಕೊಂಡಿತು. "ಎಲೀದ. ನಂದ" ಎಂದು ತಾನೇ ರುಮಾಲು ಬಿಚ್ಚಿ ಕೊಟ್ಟ.

ಆ ದಿನ ಚಾಂದಸಾಬನಿಗೆ ಯಾಕೋ ಕೈ ಓಡಲಿಲ್ಲ. ಹಂಡೆಯ ಹತ್ತಿರ ಹೋದ, ಬಂದ, ಮತ್ತೆ ಹೋದ. ಈರಪ್ಪ ಇಷ್ಟು ಸುಲಭಕ್ಕೆ ಒಪ್ಪುವ ಮನುಷ್ಯನಲ್ಲ. ಗೋಡೆಯಾಚೆ ಮಗ್ಗ ನಾಲ್ಕು ಏಟು ಹೊಡೆದು ನಿಲ್ಲುತ್ತಿತ್ತು. ನಿಂತಾಗಲೆಲ್ಲ ಬಾಯಿಗೆ ಬಟ್ಟೆ ಒತ್ತಿಕೊಂಡ ಕೆಮ್ಮು. ಎರಡು ತಿಂಗಳಿಂದ ಕೇಳುತ್ತಲೇ ಇದ್ದ ಕೆಮ್ಮು ಅದು. ಇವತ್ತು ಅದು ಎದೆಗೆ ಬಂದು ಬಡಿಯಿತು.

ಸಂಜೆಯ ಬಿಸಿಲು ಇನ್ನೂ ಇರುವಾಗ ಹೋಗಿ ಕಲ್ಲುಗಳ ನಡುವೆ ಬಾಗಿ ನೋಡಿದ. ಎಲೆಯ ಕೆಂಪು ಒಣಗಿದರೆ ಇಟ್ಟಂಗಿಯ ಬಣ್ಣಕ್ಕೆ ಬರುತ್ತದೆ. ಇದು ಕಪ್ಪಾಗಿ, ಅಂಚಿನಲ್ಲಿ ಸಿಪ್ಪೆಯಂತೆ ಹಕ್ಕಳೆ ಎದ್ದಿತ್ತು. ಜನ್ಮವಿಡೀ ಹಸಿ ನೂಲು ನೋಡಿ ಬಣ್ಣದ ಮಾತು ಆಡದವನು ಗೆಳೆಯನ ಹಸಿ ರಕ್ತ ನೋಡಿ ತೀರ್ಪು ಕೊಟ್ಟಿದ್ದ.

ನಾಚಿಕೆಗಿಂತ ಮೊದಲು ಹೆದರಿಕೆ ಬಂತು. ಬೆಳಗಾದರೆ ಇಡೀ ಓಣಿ ಇದರ ಮೇಲೆ ಬಾಗುತ್ತದೆ. ಕೆಂಪು ಬಲ್ಲವರು ಅಲ್ಲಿ ಅವನೊಬ್ಬನೇ ಅಲ್ಲ. ಕ್ಷಯ ಎಂಬ ಮಾತು ಎದ್ದರೆ ಹುನಗುಂದದವರು ಅರ್ಧ ದಾರಿಯಿಂದಲೇ ತಿರುಗುತ್ತಾರೆ. ಮರೆವ್ವನ ಕೈ ಹಿಡಿಯಲು ಮತ್ತಾರೂ ಬರುವುದಿಲ್ಲ. ಕಲೆಯನ್ನು ಈಗಲೇ ಅಳಿಸಿಬಿಡಲೆಂದು ಅವನು ಒಂದು ಕಲ್ಲು ಎತ್ತಿದ.

"ಯಾಕೋ ಚಾಂದ, ಕಲ್ಲ ಕದ್ದ ಒಯ್ಯತಿಯೇನು?" ಬೇವಿನ ಕಟ್ಟೆಯಿಂದ ಗುರಪ್ಪ ಕೇಳಿದ.

"ಇಲ್ರಿ ಕಾಕಾ, ಸರದಿತ್ತು" ಎಂದು ಅಲ್ಲೇ ಇಟ್ಟ. ಮನೆಗೆ ಬಂದವನು ಊಟ ಮುಟ್ಟಲಿಲ್ಲ.

ಬೆಳಿಗ್ಗೆ ಈರಪ್ಪ ಬರಿತಲೆಯಲ್ಲಿ ಕೊಡ ಹಿಡಿದು ಬಂದ. ಕಲೆಯನ್ನು ನೋಡಿದೊಡನೆ ಅವನ ಕಾಲು ನಿಂತಿತು. ಗುರಪ್ಪ ಆಗಲೇ ಮೊಣಕಾಲೂರಿ ಬಾಗಿದ್ದ.

"ಇದೇನಿದು, ಕರ್ರಗ ಆಗೈತಿ?"

ಅಷ್ಟರಲ್ಲಿ ಚಾಂದಸಾಬ ಮಂದಿಯನ್ನು ಸರಿಸಿಕೊಂಡು ಬಂದ. ಜನ್ಮದಲ್ಲಿ ಎಲೆ ತಿಂದವನಲ್ಲ. ಹೆಂಡತಿಯ ಎಲೆಯಡಿಕೆ ಚೀಲದಲ್ಲಿದ್ದುದನ್ನೆಲ್ಲ ಬಾಯಿಗೆ ತುರುಕಿಕೊಂಡಿದ್ದ. ತಂಬಾಕಿಗೆ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಬಾಗಿದವನೇ ಬಾಯಿ ತುಂಬ ಇದ್ದುದನ್ನು ಅದೇ ಕಲೆಯ ಮೇಲೆ ಉಗಿದ.

ಚಾಂದಸಾಬ ರುಮಾಲು ಬಿಚ್ಚಿ ಗುರಪ್ಪನ ಮುಂದೆ ಇಟ್ಟ.

"ನಿನ್ನೀದೂ ನಂದರಿ ಕಾಕಾ. ಈರಪ್ಪನ ಮ್ಯಾಲ ಸುಳ್ಳ ಹಾಕಿದ್ನಿ. ಗೆಳ್ಯಾ ಅಂತ ಅಂವ ಒಪ್ಕೊಂಡ."

ಹನ್ನೊಂದು ರುಮಾಲಿನ ಸಿಟ್ಟು ಅವತ್ತು ಹೊರಬಿತ್ತು. ಒಬ್ಬ ಥೂ ಎಂದ. ಇನ್ನೊಬ್ಬ ಅವನ ಹಂಡೆಗೆ ಮತ್ತೆ ನೂಲು ಹಾಕುವುದಿಲ್ಲ ಎಂದ. "ಇನ್ನ ನೀ ಯಾರ್ನೂ ಹಿಡಿಯೂದ ಬ್ಯಾಡ. ನಾಳಿತನಾ ಕಾಯೂದೂ ಬ್ಯಾಡ, ಈಗ ತೊಳಿ" ಎಂದು ಗುರಪ್ಪ ಈರಪ್ಪನ ರುಮಾಲನ್ನು ಗಿಡದಿಂದ ಇಳಿಸಿ ಅವನ ಕೈಗೆ ಕೊಟ್ಟ.

ಈರಪ್ಪ ರುಮಾಲು ಸುತ್ತಿಕೊಳ್ಳಲಿಲ್ಲ. ಹೆಗಲಿಗೆ ಹಾಕಿಕೊಂಡು, ಗೆಳೆಯನ ಎದುರು ಕೂತು, ಕೊಡ ಬಾಗಿಸಿದ. ಚಾಂದಸಾಬ ಅಂಗೈಯಿಂದ ನೆಲ ಉಜ್ಜಿದ.

"ಸೋಮವಾರ ಬೀಗರು ಬಂದ ಹೋಗ್ಲಿ. ಮಂಗಳವಾರ ಬಾಗಲಕೋಟಿ ದವಾಖಾನಿಗೆ ನಾ ಕರ್ಕೊಂಡ ಹೋಗ್ತೇನಿ" ಎಂದ, ತುಟಿ ಅಲ್ಲಾಡದಂತೆ.

ಈರಪ್ಪ ಕೊಡವನ್ನು ಪೂರ್ತಿ ಬರಿದು ಮಾಡಿದ. ಕೆಂಪು ನೀರು ಮೂರು ಕಲ್ಲುಗಳನ್ನು ದಾಟಿ, ನಿಂತವರ ಕಾಲುಗಳ ನಡುವೆ ಹರಿಯಿತು. ಅದರಲ್ಲಿ ಎಲೆಯದೆಷ್ಟು, ರಕ್ತದ್ದೆಷ್ಟು ಎಂದು ಹೇಳಬಲ್ಲವನು ತಲೆ ಎತ್ತದೆ ಉಜ್ಜುತ್ತಲೇ ಇದ್ದ.