ಫೇರ್‌ಫೀಲ್ಡಿನ ಸ್ಪ್ಯಾನಿಷ್ ಪಾಠ

ಮೆಲ್ಬರ್ನ್ ಹೊರವಲಯದ ವಿಂಡಮ್ ವೇಲ್‌ನಲ್ಲಿ ಮಹಾಶ್ವೇತಾಳಿಗೆ ಗುರುತಿನವರಿಗೇನೂ ಕೊರತೆ ಇರಲಿಲ್ಲ. ಧಾರವಾಡ, ಹುಬ್ಬಳ್ಳಿ ಕಡೆಯವರ ಮನೆಗಳು ಅದೇ ಬೀದಿಯಲ್ಲಿ ನಾಲ್ಕಾರು. ಆದರೂ ನಲವತ್ತು ದಾಟಿದ ಮೇಲೆ ಆಕೆ ಸಮಾಜಕಾರ್ಯ ಓದಲು ಸೇರಿ, ಸ್ಪ್ಯಾನಿಷ್ ಮಾತಾಡುವ ವಯಸ್ಸಾದವರ ನಡುವೆ ಕೆಲಸ ಕಲಿಯಲು ಗಂಡ, ಮಗಳನ್ನು ಬಿಟ್ಟು ಕೆಲವು ತಿಂಗಳ ಮಟ್ಟಿಗೆ ಸಿಡ್ನಿಗೆ ಹೊರಟು ನಿಂತಾಗ ಯಾರಿಗೂ ಅದು ಅರ್ಥವಾಗಲಿಲ್ಲ.

"ನಮ್ಮ ಮಂದಿಗೇನ್ ತ್ರಾಸ ಇಲ್ಲೇನ್ರಿ? ಆ ಸ್ಪ್ಯಾನಿಷ್ ಮಂದೀನ ಯಾಕ ಬೇಕು ನಿಮಗ?" ಎಂದು ಪಕ್ಕದ ಮನೆಯ ಅರುಂಧತಿ ಕೇಳಿಯೇ ಬಿಟ್ಟಳು.

ಮಹಾಶ್ವೇತಾ ನಕ್ಕು ಸೂಟ್‌ಕೇಸಿನ ಜಿಪ್ ಎಳೆದಳು. ಹಿಂದೆ ಆಕೆ ಆರೈಕೆಯ ಕೆಲಸಕ್ಕಿದ್ದ ವೃದ್ಧಾಶ್ರಮದಲ್ಲಿ ಚಿಲಿ ದೇಶದ ಮುದುಕನೊಬ್ಬನಿದ್ದ. ಮರೆವಿನ ಕಾಯಿಲೆ ಅವನ ಇಂಗ್ಲಿಷನ್ನೆಲ್ಲ ನುಂಗಿ ನೀರು ಕುಡಿದು, ತಾಯ್ನುಡಿಯೊಂದನ್ನೇ ಉಳಿಸಿತ್ತು. ಸಾಯುವ ಮುಂಚೆ ಅವನು ಆಕೆಯ ಕೈ ಹಿಡಿದು ಏನನ್ನೋ ಮತ್ತೆ ಮತ್ತೆ ಹೇಳಿದ. ಒಂದಕ್ಷರ ತಿಳಿಯದಿದ್ದರೂ ಆಕೆ ಹೂಂಗುಟ್ಟಿದಳು. ಅವನು ಹೇಳಿದ್ದೇನು ಎಂಬುದು ಮನಸ್ಸನ್ನು ಕೊರೆಯುತ್ತಲೇ ಉಳಿಯಿತು. ಮೊದಲು ಸ್ಪ್ಯಾನಿಷ್ ಕ್ಲಾಸಿಗೆ ಸೇರಿದಳು, ಆಮೇಲೆ ಯೂನಿವರ್ಸಿಟಿಗೆ.

ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ, ಮಂಗಳೂರಿನ ಕ್ಲೌಡಿಯಾ ಎಂಬವರ ಮನೆಯಲ್ಲಿ ಒಂದು ರೂಮ್ ಸಿಕ್ಕಿತು. ಅಲ್ಲಿಂದ ದಿನವೂ ರೈಲಿನಲ್ಲಿ ಫೇರ್‌ಫೀಲ್ಡಿನ ವೃದ್ಧರ ಸೇವಾ ಕೇಂದ್ರಕ್ಕೆ. ಕೆಲಸ ಕಲಿಸುವವಳು ಮಿರ್ತಾ, ಚಿಲಿಯವಳೇ.

"ಅವರ ಮನೆಗೆ ಹೋದ ಕೂಡಲೇ ಫೈಲ್ ತೆಗೀಬೇಡ. ಕೆನ್ನೆಗೆ ಮುತ್ತು ಕೊಡು, ಕೂತ್ಕೋ. ಟೀ ಕೊಟ್ರೆ ಬೇಡ ಅನ್ನಬೇಡ. ಅವರ ಮಕ್ಕಳನ್ನ ವಿಚಾರಿಸು, ನಿನ್ನ ಮಗಳ ವಿಷಯ ಹೇಳು," ಎಂದಳು ಮಿರ್ತಾ.

"ನಮ್ಮ ಮನೆ ವಿಷಯ ಹೇಳಬಾರದು ಅಂತ ಕ್ಲಾಸಲ್ಲಿ ಕಲಿಸಿದ್ದಾರಲ್ಲ?"

"ಕ್ಲಾಸಲ್ಲಿ ನಿನಗೆ ಟೀ ಕೊಡೋರು ಯಾರು?" ಮಿರ್ತಾ ನಕ್ಕಳು.

ಹೀಗೆ ಮಹಾಶ್ವೇತಾ ಎಲ್ಬಾಳ ಮನೆಗೆ ಹೋಗತೊಡಗಿದಳು. ಎಂಬತ್ತು ದಾಟಿದ ಒಂಟಿ ವಿಧವೆ; ಆಕೆಗೂ ಇಂಗ್ಲಿಷ್ ಮರೆಯುತ್ತಾ ಬಂದಿತ್ತು. ಆರೈಕೆಯವರು ಬಂದರೆ ಬಾಗಿಲು ತೆರೆಯುತ್ತಿರಲಿಲ್ಲ, ಮಹಾಶ್ವೇತಾಳಿಗೆ ಮಾತ್ರ ತೆರೆಯುತ್ತಿದ್ದಳು. ಟೀ ಮುಂದಿಟ್ಟು ಮಹಾಶ್ವೇತಾಳ ಮಗಳು ಸಾನ್ವಿಯ ಬಗ್ಗೆ ಕೇಳುತ್ತಿದ್ದಳು. ಮಹಾಶ್ವೇತಾ ತಡವರಿಸುತ್ತಲೇ ಹೇಳುತ್ತಿದ್ದಳು: ಮಗಳು ಹನ್ನೆರಡನೇ ಕ್ಲಾಸು, ಕೋಪ ಹೆಚ್ಚು, ಹಾಡುತ್ತಾಳೆ.

ಸಂಜೆ ರೂಮಿಗೆ ಬಂದು ಅದೇ ಮಗಳಿಗೆ ಫೋನ್ ಮಾಡುತ್ತಿದ್ದಳು.

"ಊಟ ಆತೇನವ್ವಾ? ಸಾಲಿ ಹೆಂಗ್ ನಡದೈತಿ?"

"ಇಟ್ಸ್ ಫೈನ್, ಮಮ್ಮಿ. ಐ ಹ್ಯಾವ್ ಟು ಗೋ."

ಫೋನ್ ಇಟ್ಟ ಮೇಲೆ ಕೆಳಗೆ ಕ್ಲೌಡಿಯಾ ಮನೆಯವರೊಂದಿಗೆ ಕೊಂಕಣಿಯಲ್ಲಿ ನಗುವುದು ಕೇಳಿಸುತ್ತಿತ್ತು. ಹೋದರೆ ಕರೆದು ಕೂರಿಸುವವರೇ; ಆದರೆ ಅವಳಿಗಾಗಿ ಎಲ್ಲರೂ ಇಂಗ್ಲಿಷಿಗೆ ಬದಲಾಗುವುದನ್ನು ನೋಡಲಾರದೆ ಆಕೆ ಇಳಿದು ಹೋಗುತ್ತಿರಲಿಲ್ಲ.

ಒಂದು ದಿನ ಎಲ್ಬಾ ಅಡುಗೆಮನೆಯಲ್ಲಿ ಜಾರಿ ಬಿದ್ದಳು. ಇನ್ನು ಒಂಟಿಯಾಗಿ ಬಿಡುವಂತಿರಲಿಲ್ಲ. ಆಕೆಯ ಮಗಳು ರೊಕ್ಸಾನಾ ವೃದ್ಧಾಶ್ರಮವೊಂದನ್ನು ಗೊತ್ತುಮಾಡಿ ಬಂದಳು. ಆದರೆ ತಾಯಿಗೆ ಹೇಳುವುದು ಹೇಗೆ? ರೊಕ್ಸಾನಾ ಆಸ್ಟ್ರೇಲಿಯಾದಲ್ಲೇ ಬೆಳೆದವಳು; ಸ್ಪ್ಯಾನಿಷ್ ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ.

"ನೀವೇ ಹೇಳಿಬಿಡಿ, ಪ್ಲೀಸ್," ಎಂದು ಆಕೆ ಮಹಾಶ್ವೇತಾಳ ಕೈ ಹಿಡಿದಳು.

ಮಹಾಶ್ವೇತಾಳಿಗೆ ಹೇಳಲು ಬರುತ್ತಿತ್ತು. ವಾಕ್ಯಗಳು ನಾಲಿಗೆಯ ತುದಿಯಲ್ಲೇ ಇದ್ದವು. ಆದರೂ ಬೇಡವೆಂದು ತಲೆಯಾಡಿಸಿದಳು. "ಈ ಮಾತು ಪರಕೀಯಳ ಬಾಯಿಂದ ಬರೋದು ಬೇಡ. ನೀವೇ ಹೇಳಿ. ನಾನು ಪಕ್ಕದಲ್ಲೇ ಇರ್ತೀನಿ."

ರೊಕ್ಸಾನಾ ತಾಯಿಯ ಮುಂದೆ ಮಂಡಿಯೂರಿ ಕೂತಳು. "ಅಮ್ಮಾ... ಓತ್ರೊ ಕಾಸಾ," ಎಂದಳು. ಬೇರೆ ಮನೆ; ಲಿಂಗ ಮಾತ್ರ ತಪ್ಪಿತ್ತು.

"ಓತ್ರಾ," ಎಂದು ಎಲ್ಬಾ ಮೆಲ್ಲಗೆ ತಿದ್ದಿದಳು. "ಓತ್ರಾ ಕಾಸಾ."

"ಓತ್ರಾ ಕಾಸಾ," ಎಂದು ಮಗಳು ಅಳುತ್ತಾ ಒಪ್ಪಿಸಿದಳು. ತಾಯಿ ಅವಳ ತಲೆ ಸವರುತ್ತಾ, ಅಲ್ಲಿ ಕಿಟಕಿ ಇದೆಯೇ ಎಂದು ಕೇಳಿದಳು. ಮಹಾಶ್ವೇತಾ ಎದ್ದು ಹಿತ್ತಲಿಗೆ ಹೋಗಿ ನಿಂತಳು. ಒಳಗೆ ಆಕೆಯಿಂದ ಆಗಬೇಕಾದದ್ದು ಏನೂ ಉಳಿದಿರಲಿಲ್ಲ.

ಎಲ್ಬಾ ವೃದ್ಧಾಶ್ರಮ ಸೇರಿದ ಮೇಲೆ ಆಕೆ ಬೀಳ್ಕೊಳ್ಳಲು ಹೋದಳು. ಎಲ್ಬಾ ಗುರುತು ಹಿಡಿಯಲಿಲ್ಲ. ಆದರೂ ಹಾಸಿಗೆಯ ಅಂಚಿನಲ್ಲಿ ಜಾಗ ಮಾಡಿಕೊಟ್ಟು, ಮಕ್ಕಳೆಷ್ಟು ಎಂದು ವಿಚಾರಿಸಿದಳು. ಮಹಾಶ್ವೇತಾ ಮೊದಲಿನಿಂದ ಎಲ್ಲ ಹೇಳಿದಳು.

ಅವಧಿ ಮುಗಿಸಿ ಮೆಲ್ಬರ್ನ್‌ಗೆ ಮರಳಿದ ದಿನ ಗಂಡ ಗೌರೀಶ ಏರ್‌ಪೋರ್ಟಿಗೆ ಬಂದಿದ್ದ. ಮನೆ ಅಚ್ಚುಕಟ್ಟಾಗಿತ್ತು. ಒಗ್ಗರಣೆ ಹಾಕಲು ನಿಂತವಳಿಗೆ ಒಂದು ಡಬ್ಬಿಯೂ ಇದ್ದ ಜಾಗದಲ್ಲಿ ಸಿಗಲಿಲ್ಲ.

"ಸಾಸಿವಿ ಎಲ್ಲಿಟ್ಟೀರಿ?"

"ಕೆಳಗಿನ ಡ್ರಾವರ್‌ನಾಗ. ನೀ ಕುಂಡ್ರ, ದಣದ್ ಬಂದಿ. ನಾನೂ ಸಾನ್ವಿನೂ ಮಾಡ್ತೀವಿ."

ಅಪ್ಪ ಮಗಳು ಮಾತಿಲ್ಲದೆ, ಒಬ್ಬರಿಗೊಬ್ಬರು ಅಡ್ಡ ಬರದೆ ಕೆಲಸಕ್ಕೆ ತೊಡಗಿದರು. ಗಂಡ ಅಕ್ಕರೆಯಿಂದಲೇ ಹೇಳಿದ್ದು, ಅದು ಆಕೆಗೂ ಗೊತ್ತಿತ್ತು. ಮಹಾಶ್ವೇತಾ ಟೇಬಲ್ ಬಳಿ ಕುರ್ಚಿ ಎಳೆದುಕೊಂಡು, ನೆಂಟರ ಮನೆಗೆ ಬಂದವಳ ಹಾಗೆ ಕೈ ಕಟ್ಟಿ ಕೂತಳು.